ಇಲ್ಲದ ಒಂದೂವರೆ ಪುಟ

ಜನವರಿ 11

ಕರಡಿಗೆ,

ಈ ಹೆಸರಿನಿಂದ ಕರೆಯುವ ಸಲಿಗೆ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದು. ಕರಡು ತಿದ್ದುವವಳು ಕರಡಿಯಾಗದೆ ಇನ್ನೇನಾಗುತ್ತಾಳೆ ಎಂದು ಪ್ರೆಸ್ಸಿನ ಯಜಮಾನರು ನಿನಗೆ ಇಟ್ಟ ಹೆಸರು ಅದು. ಮೂವತ್ತೊಂದು ವರ್ಷದ ಮೇಲೆ ಕಾಗದ ಬರೆಯಲು ಕೂತರೆ ಬೇರೆ ಹೆಸರು ಕೈಗೆ ಬರಲಿಲ್ಲ.

ನಿನ್ನ ವಿಳಾಸ ಕೊಟ್ಟದ್ದು ಯಜಮಾನರ ಮಗಳು. ಅವರು ಹೋದ ಮೇಲೆ ಪ್ರೆಸ್ಸು, ಪ್ರಕಾಶನ ಎರಡನ್ನೂ ಅವಳೇ ನೋಡಿಕೊಳ್ಳುತ್ತಿದ್ದಾಳೆ. ಕಳೆದ ಅಕ್ಟೋಬರಿನಲ್ಲಿ ನಮ್ಮ ಅನುವಾದ ‘ಮಬ್ಬು ಗಾಜಿನ ಮನೆ’ಯನ್ನು ಮತ್ತೆ ಅಚ್ಚು ಹಾಕಿಸಿದಳು. ನಾನು ಬೇಡವೆಂದೆ. “ಮೇಡಂ, ನೂರು ವರ್ಷದ ಹಿಂದಿನ ಪತ್ತೇದಾರಿ ಕಾದಂಬರಿ ಅಂದ್ರೆ ಈಗ ಜನ ಹುಡುಕ್ಕೊಂಡು ಬಂದು ಓದ್ತಾರೆ” ಎಂದಳು. ಓದುತ್ತಾರೆ, ಅದು ನಿಜ. ಓದಿ ಸುಮ್ಮನೆ ಇರುವುದಿಲ್ಲ. ವಾರಕ್ಕೊಂದು ಸಲ ರಟ್ಟಿನ ಡಬ್ಬಿಯಲ್ಲಿ ಓದುಗರ ಕಾಗದಗಳು ಬರುತ್ತವೆ, ಉತ್ತರ ಬರೆಯುವ ಕೆಲಸ ನನ್ನದು. ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿ ನಿವೃತ್ತಳಾದವಳಿಗೆ ಅರವತ್ತೆಂಟರಲ್ಲಿ ಮತ್ತೆ ಅದೇ ರಾಶಿ.

ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರೊಬ್ಬರು ಹನ್ನೊಂದನೇ ಅಧ್ಯಾಯದ ರೈಲು ನಲವತ್ತು ನಿಮಿಷದಲ್ಲಿ ಬಂದರು ತಲುಪಲು ಸಾಧ್ಯವೇ ಇಲ್ಲವೆಂದು ಗೆರೆ ಎಳೆದು ವೇಳಾಪಟ್ಟಿ ಮಾಡಿ ಕಳಿಸಿದ್ದಾರೆ. ಹಲ್ಲಿನ ಡಾಕ್ಟರೊಬ್ಬರಿಗೆ ನಲವತ್ತನೇ ಪುಟದಲ್ಲೇ ಕೊಲೆಗಾರರು ಯಾರೆಂದು ಗೊತ್ತಾಯಿತಂತೆ, ಗುಟ್ಟು ಬಿಟ್ಟುಕೊಟ್ಟವರು ಮೂಲ ಲೇಖಕರೋ ನೀವೋ ಎಂದು ಕೇಳಿದ್ದಾರೆ. ಒಬ್ಬಾಕೆ ಓದುತ್ತಾ ಒಲೆಯ ಮೇಲಿದ್ದ ಹಾಲು ಮೂರು ದಿನ ಉಕ್ಕಿಸಿದಳಂತೆ, ಅದಕ್ಕೆ ಥ್ಯಾಂಕ್ಸ್ ಹೇಳಿದ್ದಾಳೆ. ಇನ್ನೊಬ್ಬರಿಗೆ ಪುಟಪುಟಕ್ಕೂ ಮಂಜು ಬಂದು ನೆಗಡಿಯಾದಂತಾಯಿತು. ನಮ್ಮ ಪತ್ತೇದಾರ ಬಾಯಿ ತೆರೆದರೆ ಹೈಸ್ಕೂಲ್ ಟೀಚರ್ ಮಾತಾಡಿದ ಹಾಗಿದೆ ಎಂದೂ ಒಬ್ಬರು ಬರೆದಿದ್ದಾರೆ.

ಇದೆಲ್ಲ ಸರಿ. ಜಗಳ ಇರುವುದು ಕೊನೆಯ ಪುಟದ ಬಗ್ಗೆ. ಹಾಸಿಗೆ ಹಿಡಿದ ಗಣಿಯ ಧಣಿಯನ್ನು ಕೊಂದವಳು ಹನ್ನೊಂದು ವರ್ಷ ಅವನ ಶುಶ್ರೂಷೆ ಮಾಡಿದ ನರ್ಸ್ ಎಂದು ಪತ್ತೇದಾರ ಹೇಳುತ್ತಾನೆ, ಅವಳು ತಲೆ ತಗ್ಗಿಸುತ್ತಾಳೆ, ಪುಸ್ತಕ ಮುಗಿಯುತ್ತದೆ. ಕೊಂದದ್ದು ಯಾಕೆ ಎಂದು ಹೇಳದೆ ಮುಗಿಸುವುದು ಮೋಸ ಎಂದು ಅರ್ಧ ಜನ. ಆ ಮೌನವೇ ಕಾದಂಬರಿಯ ಜೀವ ಎಂದು ಉಳಿದರ್ಧ. ಪ್ರಿನ್ಸಿಪಾಲರೊಬ್ಬರು ಮೌನದ ಮೇಲೆ ನಾಲ್ಕು ಪುಟ ಬರೆದಿದ್ದಾರೆ.

ಮೊನ್ನೆ ಕಾಲೇಜಿನ ಹುಡುಗಿಯೊಬ್ಬಳ ಕಾಗದ ಬಂತು. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಿದ್ದಾಳೆ. ನರ್ಸ್ ತಲೆ ತಗ್ಗಿಸಿದ ಮೇಲೆ ಮೂಲದಲ್ಲಿ ಇನ್ನೂ ಒಂದೂವರೆ ಪುಟವಿದೆಯಂತೆ. “ಅದನ್ನು ತೆಗೆದವರು ಯಾರು, ಯಾಕೆ ತೆಗೆದರು?” ಎಂದು ಕೇಳಿದ್ದಾಳೆ.

ಕೊನೆಯ ನಾಲ್ಕು ಅಧ್ಯಾಯ ಅನುವಾದಿಸಿದವಳು ನೀನು. ಅದು ನಿನಗೆ ಗೊತ್ತು, ನನಗೆ ಗೊತ್ತು. ಯಜಮಾನರ ಮಗಳಿಗೂ ಗೊತ್ತಿಲ್ಲ. ಆ ಹುಡುಗಿಗೆ ಏನೆಂದು ಬರೆಯಲಿ? ಅದಷ್ಟೇ ಕೇಳಬೇಕಿತ್ತು.

ಇಂತಿ,
ಟೀಚರಮ್ಮ


ಫೆಬ್ರವರಿ 3

ಟೀಚರಮ್ಮ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಓದಿ, ಮಡಚಿ, ನಿಘಂಟಿನೊಳಗೆ ಇಟ್ಟೆ. ಆಮೇಲೆ ಆ ನಿಘಂಟು ತೆರೆಯಬೇಕಾದಾಗಲೆಲ್ಲ ಪಕ್ಕದ ಮೇಜಿನವರದ್ದು ಕೇಳಿ ಪಡೆದೆ.

ನಾನು ಇನ್ನೂ ಕೆಲಸ ಬಿಟ್ಟಿಲ್ಲ. ಔಷಧಿ ಡಬ್ಬಿಯೊಳಗೆ ಹಾಳೆ ಮಡಚಿಟ್ಟಿರುತ್ತಾರಲ್ಲ, ಯಾರೂ ಓದದ್ದು, ಅದರ ಕರಡು ತಿದ್ದುತ್ತೇನೆ. ತಲೆಸುತ್ತು, ವಾಕರಿಕೆ, ನಿದ್ರಾಹೀನತೆ. ದಿನಕ್ಕೆ ಹತ್ತು ಸಲ ಇವೇ ಮೂರು ಪದ. ಒಂದು ಸೊನ್ನೆ ಹೆಚ್ಚಾದರೆ ಒಬ್ಬರ ಪ್ರಾಣ ಹೋಗುತ್ತದೆ ಎಂದು ಹೆದರಿ ಹೆದರಿ ಓದಿ ಕಣ್ಣು ಬತ್ತಿವೆ. ಕಥೆ ಓದಿ ಎಷ್ಟು ವರ್ಷವಾಯಿತೋ.

ನಿನ್ನ ಹುಡುಗಿಗೆ ಹೀಗೆ ಬರೆ. ಆಗ ಪುಸ್ತಕ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚಾಗುತ್ತಿತ್ತು, ಹದಿನಾರು ಪುಟಕ್ಕೆ ಒಂದು ಫಾರಂ. ಕೊನೆಯ ಫಾರಂನಲ್ಲಿ ಜಾಗ ಸಾಲಲಿಲ್ಲ, ಯಜಮಾನರು ಒಂದೂವರೆ ಪುಟ ಕಡಿಮೆ ಮಾಡು ಎಂದರು, ಕರಡು ತಿದ್ದುವವಳು ಕಡಿಮೆ ಮಾಡಿದಳು. ಅವರೂ ಇಲ್ಲ, ಆ ಮೊಳೆಗಳೂ ಇಲ್ಲ. ಇದರಲ್ಲಿ ರಹಸ್ಯವೇನೂ ಇಲ್ಲ.

ಗಾರ್ಡ್ ಹೇಳಿದ್ದು ಸರಿ. ಆ ರೈಲಿನ ಲೆಕ್ಕ ತಪ್ಪಿದೆ ಎಂದು ನಾನು ಆಗಲೇ ಅಂದಿದ್ದೆ. ನೀನು “ಮೂಲದಲ್ಲಿ ಹಾಗೇ ಇದೆ ಕಣೇ, ಬಿಡು” ಅಂದಿದ್ದೆ.

ಕರಡಿ


ಫೆಬ್ರವರಿ 20

ಕರಡಿ,

ನಿನ್ನ ಕಾಗದ ಬಂದ ದಿನವೇ ಹಳೆಯ ಪ್ರತಿ ತೆಗೆದು ನೋಡಿದೆ. ಕೊನೆಯ ಸಾಲಾದ ಮೇಲೆ ಎರಡು ಪುಟ ಖಾಲಿ ಇವೆ. ಒಂದೂವರೆ ಪುಟಕ್ಕೆ ಜಾಗವಿಲ್ಲ ಎಂದವರು ಎರಡು ಪುಟ ಬಿಳಿ ಬಿಟ್ಟಿರಾ? ಪತ್ತೇದಾರಿ ಕಾದಂಬರಿಯ ಮುಕ್ಕಾಲು ಪಾಲು ನಾನೂ ಅನುವಾದಿಸಿದ್ದೇನೆ. ಅಷ್ಟು ಬುದ್ಧಿ ನನಗೂ ಇದೆ.

ಸುಳ್ಳು ಹೇಳಿದೆ ಎಂದು ಬೈಯಲು ಬರೆಯುತ್ತಿಲ್ಲ. ಜಗಳವಾಡುವ ತ್ರಾಣ ನನ್ನಲ್ಲಿಲ್ಲ, ನಿನ್ನಲ್ಲೂ ಇರಲಾರದು. ಆದರೆ ನಾನು ಅಂದುಕೊಂಡದ್ದನ್ನು ಒಂದು ಸಲ ಹೇಳಿಬಿಡುತ್ತೇನೆ.

ನಮ್ಮನೆಯವರು ಹೋಗಿ ಮೂರು ವಾರವಾಗಿತ್ತು. ನಾಲ್ಕು ತಿಂಗಳು ಆಸ್ಪತ್ರೆಯಲ್ಲಿ ಕೂತು ಬಂದವಳಿಗೆ ಮನೆಯ ಬಾಗಿಲ ಚಿಲಕ ಯಾವ ಕಡೆ ಎಂಬುದೂ ಮರೆತಿತ್ತು. ಆಗ ನೀನು ಕೊನೆಯ ಅಧ್ಯಾಯದ ಕರಡು ಕಳಿಸಿದೆ. ಯಾವ ಪುಸ್ತಕವಾದರೂ ಕೊನೆಯ ಪುಟ ಮೊದಲು ಓದುವವಳು ನಾನು, ಅದು ನಿನಗೆ ಗೊತ್ತು. ಆ ನರ್ಸ್ ಏನು ಹೇಳುತ್ತಾಳೆಂದು ನನಗೆ ಬಾಯಿಪಾಠವಾಗಿತ್ತು. ಕರಡಿನಲ್ಲಿ ಅದಿರಲಿಲ್ಲ.

ಕುರ್ಚಿಯ ಮೇಲೆ ಕೂತೆ. ಹಾಸಿಗೆ ಹಿಡಿದವರನ್ನು ನೋಡಿಕೊಂಡ ಹೆಂಗಸು ಅವರನ್ನು ಕೊಂದ ಕಾರಣ ಹೇಳುವ ಪುಟ. ಅದನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಮಾಡಿದ್ದೀ. ಯಾಕೆ? ಓದಿದರೆ ಇವಳಿಗೆ ತಾನು ಗಂಡನಿಗೆ ಮಾಡಿದ್ದು ನೆನಪಾಗುತ್ತದೆ ಎಂದು. ಊರಲ್ಲಿ ಬೇರೆ ಯಾರು ಹಾಗೆಂದುಕೊಂಡಿದ್ದರೂ ನಾನು ಲೆಕ್ಕಕ್ಕೆ ತರುತ್ತಿರಲಿಲ್ಲ.

ಅವತ್ತೇ ಮುನ್ನುಡಿ ಬರೆದೆ. ಯಜಮಾನರಿಗೆ, ಮೊಳೆ ಜೋಡಿಸಿದವರಿಗೆ, ರಟ್ಟು ಕಟ್ಟಿದವನಿಗೆ, ಆಸ್ಪತ್ರೆಯ ಡಾಕ್ಟರಿಗೆ ಎಲ್ಲರಿಗೂ ವಂದನೆ ಹೇಳಿದೆ. ನಿನ್ನ ಹೆಸರು ಬರೆಯಲಿಲ್ಲ. ನೀನು ಬಂದು “ಇದೇನು?” ಎಂದು ಕೇಳುತ್ತೀ ಎಂದು ಒಂದು ತಿಂಗಳು ಕಾದೆ. ನೀನು ಪ್ರೆಸ್ಸು ಬಿಟ್ಟು ಬೇರೆ ಊರಿಗೆ ಹೋದೆ ಎಂದು ಗೊತ್ತಾಯಿತು.

ಹುಡುಗಿಗೆ ಇನ್ನೂ ಉತ್ತರ ಬರೆದಿಲ್ಲ.

ಟೀಚರಮ್ಮ


ಏಪ್ರಿಲ್ 7

ಟೀಚರಮ್ಮ,

ಎರಡು ಸಲ ಬರೆದು ಹರಿದೆ. ಜಿಪುಣಿ ನಾನು, ಹಾಳೆ ಹರಿಯುವವಳಲ್ಲ.

ಫಾರಂ ಕಥೆ ಸುಳ್ಳು. ಖಾಲಿ ಪುಟ ಬಿಟ್ಟವಳೂ ನಾನೇ. ಮೊಳೆ ಜೋಡಿಸುವ ಕಂಪೋಸಿಟರ್ “ಅಕ್ಕಾ, ಇಲ್ಲಿ ಜಾಹೀರಾತು ಹಾಕೋಣ್ವಾ?” ಅಂದರು, ಬೇಡ ಹಾಗೇ ಇರಲಿ ಅಂದೆ. ಅನುವಾದವನ್ನೂ ಮಾಡಿದ್ದೆ. ಮೊಳೆ ಜೋಡಿಸಿಯೂ ಆಗಿತ್ತು. ಅದನ್ನು ಬಿಚ್ಚಿಸಿದೆ.

ಯಾಕೆ ಎಂದರೆ, ನೀನು ನನ್ನನ್ನು ನೋಡದ ದಿನ ನಾನು ನಿನ್ನನ್ನು ನೋಡಿದ್ದೆ.

ಒಂಬತ್ತನೇ ಅಧ್ಯಾಯದ ಕರಡು ಕೊಡಲು ಮಧ್ಯಾಹ್ನ ಆಸ್ಪತ್ರೆಗೆ ಬಂದಿದ್ದೆ. ಉದ್ದನೆಯ ವಾರ್ಡು, ಗೋಡೆಗೆ ಎದೆಮಟ್ಟದವರೆಗೆ ಹಸಿರು ಬಣ್ಣ. ನೀನು ನಿಮ್ಮನೆಯವರಿಗೆ ಲೋಟದಲ್ಲಿ ಹಾಲು ಕುಡಿಸುತ್ತಿದ್ದೆ. ಅವರು ತಳ್ಳಿದರು, ಚೆಲ್ಲಿತು. ಒರೆಸಿದೆ. ಮತ್ತೆ ಹಿಡಿದೆ, ಮತ್ತೆ ತಳ್ಳಿದರು. ಮೂರನೇ ಸಲ ಲೋಟವನ್ನು ಅವರ ತುಟಿಗೆ ಸ್ವಲ್ಪ ಜೋರಾಗಿಯೇ ಒತ್ತಿದೆ. ಆಮೇಲೆ ಲೋಟ ಕೆಳಗಿಟ್ಟು ಗೋಡೆಯ ಕಡೆ ತಿರುಗಿ, ಹಣೆಯನ್ನು ಗೋಡೆಗೆ ಆನಿಸಿ ನಿಂತೆ. ಬಹಳ ಹೊತ್ತು ನಿಂತಿದ್ದೆ. ಗೋಡೆಗೇ ಹೇಳಿದೆ, “ಬೇಗ ಹೋಗ್ಬಿಡಿ” ಅಂತ.

ನಾನು ಬಾಗಿಲಲ್ಲಿದ್ದೆ. ಕರಡಿನ ಕಟ್ಟನ್ನು ಆಯಾ ಕೈಗೆ ಕೊಟ್ಟು ಬಂದುಬಿಟ್ಟೆ.

ನೀನು ಏನೋ ಮಾಡಿದೆ ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಇವಳು ಮನೆಗೆ ಬಂದು ಒಬ್ಬಳೇ ಕೂತು ಆ ಪುಟದ ಕರಡು ಓದಬೇಕು, ಅಕ್ಷರ ಅಕ್ಷರವಾಗಿ ಓದಬೇಕು, ತಪ್ಪು ಹುಡುಕಬೇಕು. ಅದು ಬೇಡ ಅನ್ನಿಸಿತು. ನೀನು ಅದನ್ನು ಮೊದಲೇ ಓದಿರುತ್ತೀ ಎಂಬುದು ಹೊಳೆಯಲಿಲ್ಲ. ಕೊನೆಯ ಪುಟ ಮೊದಲು ಓದುವ ನಿನ್ನ ಕೆಟ್ಟ ಚಾಳಿ ನನಗೆ ಮರೆತೇ ಹೋಗಿತ್ತು.

ಮುನ್ನುಡಿಯ ಕರಡು ತಿದ್ದಿದ್ದೂ ನಾನೇ, ಅದು ನಿನಗೆ ಗೊತ್ತಿರಲಿಲ್ಲವೋ ಏನೋ. ರಟ್ಟು ಕಟ್ಟಿದವನ ಹೆಸರಿನ ಮುಂದೆ ಅಲ್ಪವಿರಾಮ ಬಿಟ್ಟುಹೋಗಿತ್ತು. ಹಾಕಿದೆ. ಎರಡು ಸಲ ಓದಿದೆ, ನನ್ನ ಹೆಸರು ಎಲ್ಲಾದರೂ ಬಿಟ್ಟುಹೋಗಿದೆಯೇನೋ ಎಂದು. ಬಿಟ್ಟುಹೋದದ್ದಕ್ಕೂ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸ ಕರಡು ತಿದ್ದುವವಳಿಗೆ ಗೊತ್ತಾಗುತ್ತದೆ. ಆಸ್ಪತ್ರೆಯಲ್ಲಿ ನಾನು ನಿನ್ನನ್ನು ನೋಡಿದ್ದು ನಿನಗೆ ತಿಳಿದುಹೋಗಿದೆ, ಅದಕ್ಕೇ ನನ್ನ ಮುಖ ಬೇಡವಾಗಿದೆ ಎಂದುಕೊಂಡೆ. ಬೇಡವಾದವರ ಮನೆ ಬಾಗಿಲು ತಟ್ಟುವುದು ನನಗೆ ಬರುವುದಿಲ್ಲ.

ಕರಡಿ


ಏಪ್ರಿಲ್ 16

ಕರಡಿ,

ನಿನ್ನ ಕಾಗದ ಓದಿ ಎರಡು ದಿನ ಡಬ್ಬಿಯ ಕಾಗದಗಳನ್ನು ಮುಟ್ಟಲಿಲ್ಲ.

ನೀನು ಬಾಗಿಲಿಂದ ಹೊರಟುಹೋದೆಯಲ್ಲ, ಆಮೇಲಿನದ್ದು ನಿನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಮ್ಮನೆಯವರು ನಿದ್ದೆಯಲ್ಲಿರಲಿಲ್ಲ. ನಾನು ಗೋಡೆಗೆ ಹೇಳಿದ್ದು ಅವರಿಗೆ ಕೇಳಿಸಿತು. ಹಿಂದಿನಿಂದ “ಹೂಂ” ಅಂದರು. ಕೋಪದಿಂದಲ್ಲ. ಅಂಗಡಿಯಿಂದ ಏನಾದರೂ ತನ್ನಿ ಎಂದರೆ ಹೂಂ ಅನ್ನುತ್ತಿದ್ದರಲ್ಲ, ಹಾಗೆ. ನಾನು ತಿರುಗಿದೆ. ಲೋಟ ಕೊಡು ಎಂದು ಕೈ ಚಾಚಿದರು. ಪೂರ್ತಿ ಕುಡಿದರು. ಒಂಬತ್ತು ದಿನದ ಮೇಲೆ ಹೋದರು.

ನಾಲ್ಕು ಅಧ್ಯಾಯ ನಿನಗೆ ಕೊಟ್ಟಾಗ ಸಮಯವಿಲ್ಲ ಎಂದಿದ್ದೆ. ಸಮಯಕ್ಕೇನು, ಆಸ್ಪತ್ರೆಯಲ್ಲಿ ಬೇಕಾದಷ್ಟಿತ್ತು. ಆ ಪುಟ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ, ಅದಕ್ಕೆ ನಿನ್ನ ಕೈಗೆ ದಾಟಿಸಿದೆ. ನನಗೆ ಆಗದ್ದನ್ನು ನೀನು ಮಾಡಿ, ಮತ್ತೆ ನನಗೋಸ್ಕರ ಕಿತ್ತು ಹಾಕಿದೆ. ನಾನು ಅದಕ್ಕೆ ನಿನ್ನ ಹೆಸರು ಕಿತ್ತೆ. ಇಷ್ಟು ವರ್ಷ ಇದನ್ನು ತಲೆಕೆಳಗಾಗಿ ಹೊತ್ತುಕೊಂಡು ತಿರುಗಿದೆನಲ್ಲ, ಅದನ್ನು ನೆನೆದರೆ ಅಳುವೂ ಬರುವುದಿಲ್ಲ, ಸುಮ್ಮನೆ ಮಲಗಬೇಕು ಅನ್ನಿಸುತ್ತದೆ.

ಹುಡುಗಿಗೆ ನಿಜ ಬರೆದೆ. ಆಸ್ಪತ್ರೆಯ ಸಂಗತಿ ಬರೆಯಲಿಲ್ಲ. ಕೊನೆಯ ನಾಲ್ಕು ಅಧ್ಯಾಯ ಗೆಳತಿಯದು, ಆ ಪುಟವನ್ನು ಅವಳು ನನ್ನ ಮೇಲಿನ ಮಮತೆಯಿಂದ ತೆಗೆದಳು, ಹೆಸರು ಬಿಟ್ಟ ತಪ್ಪು ನನ್ನದು ಎಂದು ಬರೆದೆ. ಯಜಮಾನರ ಮಗಳಿಗೂ ಹೇಳಿದೆ. ಅವಳು “ಹಾಗಾದ್ರೆ ಮುಂದಿನ ಮುದ್ರಣಕ್ಕೆ ಆ ಪುಟ ಹಾಕೋಣ, ಇಬ್ಬರ ಹೆಸರೂ ಹಾಕೋಣ” ಎಂದಳು. ನಿನ್ನ ಹಳೆಯ ಅನುವಾದ ಉಳಿದಿರಲಾರದು. ನಾನೇ ಮಾಡುತ್ತಿದ್ದೇನೆ. ದಿನಕ್ಕೆ ನಾಲ್ಕು ಸಾಲಿನ ಮೇಲೆ ಆಗುತ್ತಿಲ್ಲ.

ನಿನ್ನ,
ಟೀಚರಮ್ಮ


ಮೇ 14

ಟೀಚರಮ್ಮ,

ಪುಟ ತಲುಪಿತು. ಔಷಧಿ ಚೀಟಿಗಳನ್ನು ಬದಿಗೆ ಸರಿಸಿ ಅದನ್ನೇ ಮೊದಲು ಓದಿದೆ.

ಕಾಗುಣಿತ ಎರಡು ಕಡೆ ತಪ್ಪಿದೆ, ಟೀಚರಾಗಿದ್ದವಳು. ಗುರುತು ಹಾಕಿದ್ದೇನೆ. ಇನ್ನೊಂದು ಮಾತು. ಆಸ್ತಿಗಾಗಿಯೇ, ಹಗೆಯೇ, ಬೇರೆ ಯಾರಾದರೂ ಹೇಳಿಕೊಟ್ಟರೇ ಎಂದು ಪತ್ತೇದಾರ ಕೇಳಿದಾಗ ನರ್ಸ್ ಕೈಯಲ್ಲಿ “ನಾನು ಅತೀವ ಬಳಲಿದ್ದೆ” ಎನ್ನಿಸಿದ್ದೀ. ಹನ್ನೊಂದು ವರ್ಷ ಮಲಮೂತ್ರ ಬಳಿದವಳು ‘ಅತೀವ’ ಅನ್ನುವುದಿಲ್ಲ. “ನಂಗೆ ಸಾಕಾಗಿತ್ತು” ಎಂದು ಬರೆ. ಆಗ ನಾನೂ ಹಾಗೇ ಬರೆದಿದ್ದೆ ಎಂದು ನೆನಪು. ಪತ್ತೇದಾರ ಟೋಪಿ ತೆಗೆದುಕೊಂಡು ಹೊರಗೆ ಹೋಗುವುದನ್ನು ಚೆನ್ನಾಗಿ ಮಾಡಿದ್ದೀ. ಅಲ್ಲಿ ಒಂದಕ್ಷರ ಮುಟ್ಟಬೇಡ.

ನನ್ನ ಹೆಸರು ಬೇಡ. ಮೊದಲೇ ಬಂದಿದ್ದರೆ ನಮ್ಮಮ್ಮನಿಗೆ ತೋರಿಸುತ್ತಿದ್ದೆ. ಈಗ ಯಾರಿಗೆ ತೋರಿಸಲಿ?

ಕರಡಿ


ಜೂನ್ 23

ಕರಡಿ,

ನಿನ್ನ ಹೆಸರು ಹಾಕಿಸಿದ್ದೇನೆ. ನಿನ್ನೆ ಪುಸ್ತಕ ಬಂತು, ಒಂದು ಪ್ರತಿ ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ಯಾರಿಗೂ ತೋರಿಸಬೇಡ, ನೀನು ನೋಡು ಸಾಕು.

ನಿನ್ನೆ ಮಧ್ಯಾಹ್ನ ಲೈಬ್ರರಿಯಲ್ಲಿ ಓದುಗರನ್ನು ಸೇರಿಸಿದ್ದರು. ಮೂವತ್ತು ಕುರ್ಚಿ, ಹತ್ತೊಂಬತ್ತು ಜನ. ಫ್ಯಾನಿನ ಸದ್ದಿಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ, ಲೈಬ್ರರಿಯವರು ಬಂದು ಫ್ಯಾನು ಆರಿಸಿದರು. ಎಲ್ಲರೂ ಬೆವರುತ್ತಾ ಕೂತರು. ನಾನು ಆ ಒಂದೂವರೆ ಪುಟ ಓದಿದೆ. “ನಂಗೆ ಸಾಕಾಗಿತ್ತು” ಎಂಬಲ್ಲಿ ಪುಸ್ತಕ ಕೆಳಗಿಟ್ಟೆ. ನೀರು ಕುಡಿದು ಮುಂದುವರಿಸಿದೆ.

ಓದಿ ಮುಗಿಸಿದ ಮೇಲೆ ಶುರುವಾಯಿತು. ಮೌನದ ಪ್ರಿನ್ಸಿಪಾಲರು ಎದ್ದು, ಈ ಪುಟ ಸೇರಿಸಿ ಕಾದಂಬರಿಯನ್ನು ಕೆಡಿಸಿದಿರಿ ಎಂದರು. ಹಲ್ಲಿನ ಡಾಕ್ಟರು, ಕೊಲೆಗೆ ಇದೂ ಒಂದು ಕಾರಣವೇ, ಇದಕ್ಕಿಂತ ಆಸ್ತಿಯಾಗಿದ್ದರೆ ಒಪ್ಪಬಹುದಿತ್ತು ಎಂದರು. ಕಾಲೇಜಿನ ಹುಡುಗಿ ಅವರ ಜೊತೆ ವಾದಕ್ಕೆ ನಿಂತಳು. ಗಾರ್ಡ್ ತಮ್ಮ ಸರದಿ ಬರಲೆಂದು ವೇಳಾಪಟ್ಟಿ ಹಿಡಿದು ಕಾಯುತ್ತಿದ್ದರು.

ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು, ನಲವತ್ತರ ಆಚೆ ಈಚೆ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಹೊಲಿಗೆ ಅಂಗಡಿಯಿಂದ ನೇರ ಬಂದಿರಬೇಕು. ಯಾರೂ ಕರೆಯದೆ ಎದ್ದು ನಿಂತಳು.

“ನಮ್ಮತ್ತೆ ಮಲಗಿದಲ್ಲೇ ಆರು ವರ್ಷ ಆಯ್ತು ಮೇಡಂ. ನಾನೇ ನೋಡ್ಕೊಳ್ಳೋದು. ಏನೂ ಕಡಿಮೆ ಮಾಡಿಲ್ಲ, ಮಾಡೋದೂ ಇಲ್ಲ. ಆದ್ರೆ ಅನ್ಸತ್ತೆ. ಒಂದೊಂದ್ ದಿನ ಅನ್ಸತ್ತೆ. ಹಾಗೆ ಅನ್ಸೋದು ನಂಗೊಬ್ಬಳಿಗೇ ಅಂದ್ಕೊಂಡಿದ್ದೆ. ಈ ಪುಸ್ತಕ ನಾನು ಮೊದಲೂ ಓದಿದೀನಿ. ಆಗ ಆ ನರ್ಸ್ ಸುಮ್ನೆ ತಲೆ ತಗ್ಗಿಸಿಬಿಟ್ಳಲ್ಲ, ಇವಳಿಗೂ ಹೇಳ್ಕೊಳ್ಳೋಕೆ ನಾಚಿಕೆ ಅಂತ ತಿಳ್ಕೊಂಡೆ.”

ಹತ್ತೊಂಬತ್ತು ಜನ ನನ್ನ ಮುಖ ನೋಡಿದರು. ಏನಾದರೂ ಬುದ್ಧಿಮಾತು ಬರುತ್ತದೆ ಎಂದು ಕಾದರು. ನಾನು “ನಂಗೂ ಅನ್ಸಿತ್ತಮ್ಮ. ನಮ್ಮನೆಯವರ ವಿಷಯದಲ್ಲಿ. ಬಾಯಿಬಿಟ್ಟು ಅಂದೂ ಬಿಟ್ಟಿದ್ದೆ” ಎಂದೆ. ಅಷ್ಟೇ ಹೇಳಿದೆ, ಕರಡಿ. ಅದಕ್ಕೆ ಮೂವತ್ತೊಂದು ವರ್ಷ ಬೇಕಾಯಿತು, ಹೇಳಲು ಹಿಡಿದದ್ದು ಅರ್ಧ ನಿಮಿಷ.

ಅವಳು ತಲೆಯಾಡಿಸಿದಳು. ಪಕ್ಕದ ಮನೆಯವರು ನಾಲ್ಕು ಗಂಟೆಯವರೆಗೆ ಮಾತ್ರ ಅತ್ತೆಯ ಹತ್ತಿರ ಕೂರುತ್ತಾರೆ ಎಂದು ಹೇಳಿ ಚೀಲ ತೆಗೆದುಕೊಂಡು ಹೊರಟಳು. ಬಾಗಿಲ ಹತ್ತಿರ ನಿಂತು, “ಬರ್ತೀನಿ ಮೇಡಂ, ಸ್ವಲ್ಪ ಹಗುರ ಆಯ್ತು” ಎಂದಳು. ಆಮೇಲೆ ಗಾರ್ಡ್ ಮೆಲ್ಲಗೆ ರೈಲಿನ ವಿಷಯ ಎತ್ತಿದರು. ಅವರಿಗೆ ನಾನು ಕೃತಜ್ಞಳು.

ಈಗ ನನಗೆ ಕಾಗದ ಸಾಕು. ನಿನ್ನನ್ನು ನೋಡಬೇಕು. ಜುಲೈ ಎರಡನೇ ಭಾನುವಾರ ಬರುತ್ತೇನೆ, ಬೆಳಿಗ್ಗೆಯ ಬಸ್ಸು ಹತ್ತೂವರೆಗೆ ನಿಮ್ಮೂರು ತಲುಪುತ್ತದಂತೆ. ನಿನ್ನ ಮನೆ ಎಷ್ಟನೇ ಮಹಡಿ? ನನ್ನ ಮಂಡಿ ಹೋಗಿವೆ, ಮೆಟ್ಟಿಲು ಆಗುವುದಿಲ್ಲ.

ನಿನ್ನ,
ಟೀಚರಮ್ಮ


ಜೂನ್ 28

ಟೀಚರಮ್ಮ,

ಪುಸ್ತಕ ಬಂತು. ಹೆಸರಿನಲ್ಲಿ ಒತ್ತಕ್ಷರ ಸರಿಯಾಗಿದೆ.

ಆ ಹೊಲಿಗೆಯವಳ ಸಂಗತಿ ಓದಿದಾಗಿನಿಂದ ಒಂದೇ ಯೋಚನೆ. ಆ ಪುಟ ಬಿಚ್ಚಿಸಿದಾಗ ನನ್ನ ಕಣ್ಣ ಮುಂದೆ ಇದ್ದವಳು ನೀನೊಬ್ಬಳೇ. ಉಳಿದವರೂ ಓದುತ್ತಾರೆ, ಅವರಲ್ಲಿ ಯಾರಿಗೋ ಅದು ಬೇಕಾಗಿರುತ್ತದೆ ಎಂದು ತೋಚಲಿಲ್ಲ. ಒಬ್ಬಳನ್ನು ಕಾಯಲು ಹೋಗಿ ಎಷ್ಟು ಜನರನ್ನು ಒಂಟಿ ಮಾಡಿದೆನೋ. ನಿನ್ನನ್ನೂ ಸೇರಿಸಿ.

ಮೂರನೇ ಮಹಡಿ. ಲಿಫ್ಟ್ ಕೆಟ್ಟು ಎರಡು ವರ್ಷವಾಯಿತು. ನನಗೂ ಹತ್ತಿ ಇಳಿಯಲು ಅರ್ಧ ಗಂಟೆ ಬೇಕು. ಹಾಗಾಗಿ ನೀನು ಹತ್ತುವುದು ಬೇಡ. ಕೆಳಗೆ ಗೇಟಿನ ಪಕ್ಕ ಒಂದು ಸಿಮೆಂಟಿನ ಕಟ್ಟೆಯಿದೆ, ಹನ್ನೆರಡರವರೆಗೆ ನೆರಳಿರುತ್ತದೆ. ಹತ್ತು ಗಂಟೆಗೇ ಇಳಿದು ಕೂತಿರುತ್ತೇನೆ.

ಕರಡಿ